ಮೊಣಕೈ ಪೆಟ್ಟಿನ ಕೈಪರೀಕ್ಷೆ

ಮೊಣಕೈಗೆ ಪೆಟ್ಟಾದಾಗ ಎಕ್ಸ್‌ರೇಗೂ ಮುಂಚೆ ನೋಡಿ, ಮುಟ್ಟಿ, ಆಡಿಸಿ ಕೀಲಿನ ಸ್ಥಿತಿ ಅರಿಯುವ ಕ್ರಮ. ಕೊಯಮತ್ತೂರು–ತಿರುಪ್ಪೂರು ಸೀಮೆಯ ಸೋಮನೂರಿನಂಥ ವಿದ್ಯುತ್ ಮಗ್ಗಗಳ ಊರಿನಲ್ಲಿ ಇದಕ್ಕೆ ಹೆಚ್ಚಿನ ಬೆಲೆಯಿದೆ. ಲಾಳಿಗೆ ಕಂಡಿಕೆ ತೊಡಿಸುವುದು, ಹರಿದ ಹಾಸಿನೆಳೆಗೆ ಗಂಟು ಹಾಕುವುದು, ಎಲ್ಲವೂ ಬೆರಳು, ಮಣಿಕಟ್ಟುಗಳು ಬಿಡುವಿಲ್ಲದೆ ದುಡಿಯುವ ಕೆಲಸ. ಇಂಥ ದುಡಿಮೆಯಿಂದ ಮೊಣಕೈಯ ಹೊರಮಗ್ಗುಲಿಗೆ ಬರುವ ನೋವು ಸಾಮಾನ್ಯವಾಗಿ ಸ್ನಾಯುರಜ್ಜಿನದು. ಮೂಳೆಯನ್ನು ತೋರಿಸುವ ಎಕ್ಸ್‌ರೇಗೆ ಅದು ಬಹುಮಟ್ಟಿಗೆ ಸಿಗುವುದಿಲ್ಲ. ಮುಷ್ಟಿ ಬಿಗಿದು ಮಣಿಕಟ್ಟನ್ನು ಮೇಲಕ್ಕೆತ್ತುವಾಗ ವೈದ್ಯರು ಅದನ್ನು ಒತ್ತಿ ತಡೆದರೆ, ಹೊರಗಿನ ಮೂಳೆಗಂಟಿನ ಬಳಿಯೇ ಚುಳ್ಳೆನ್ನುತ್ತದೆ. ಟೆನಿಸ್ ಎಲ್ಬೋ ಎನ್ನುವುದು ಇದನ್ನೇ. ರಾಕೆಟ್ ಹಿಡಿಯದವರಿಗೂ ಬರುವ ಬೇನೆ.

ಬಿದ್ದು ಪೆಟ್ಟಾದಾಗಲೂ ಮೊದಲ ತೀರ್ಮಾನ ಕೈಯದೇ. ಮೊಣಕೈ ಮಡಿಸಿದಾಗ ಎರಡು ಬದಿಯ ಮೂಳೆಗಂಟುಗಳೂ ಹಿಂದಿನ ತುದಿಯೂ ತ್ರಿಕೋನವಾಗುತ್ತವೆ, ಚಾಚಿದಾಗ ಒಂದೇ ಗೆರೆಗೆ ಬರುತ್ತವೆ. ಕೀಲು ತಪ್ಪಿದ್ದರೆ ಈ ತ್ರಿಕೋನ ಕೆಡುತ್ತದೆ. ಮೊಣಕೈ ಮೇಲ್ಭಾಗದಲ್ಲಿ ಮೂಳೆ ಮುರಿದಿದ್ದರೆ ಕೆಡುವುದಿಲ್ಲ. ಇನ್ನೊಂದು ಪರೀಕ್ಷೆ ಇನ್ನೂ ಸರಳ: ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ನೆಟ್ಟಗೆ ಚಾಚಿಸುವುದು. 2008ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ 1,740 ಮಂದಿಯಲ್ಲಿ 602 ಮಂದಿ ಪೂರ್ತಿ ಚಾಚಿದರು. ಅವರಲ್ಲಿ ಮುರಿತವಿದ್ದದ್ದು 17 ಮಂದಿಗೆ. ಚಾಚಲಾಗದ 1,138 ಮಂದಿಯಲ್ಲಿ 521 ಮಂದಿಗೆ ಮುರಿತವಿತ್ತು.

ಆ 17 ಮಂದಿಯ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದೇ. ಅವರಲ್ಲಿ ಚಿಕಿತ್ಸೆ ಬದಲಿಸಬೇಕಾಗಿ ಬಂದದ್ದು ಇಬ್ಬರು ವಯಸ್ಕರಿಗೆ, ಇಬ್ಬರದೂ ಮೊಣಕೈ ಹಿಂದಿನ ತುದಿಯ ಮುರಿತ. ಹಾಗಾಗಿ ಕೈ ಪೂರ್ತಿ ಚಾಚಿದರೂ ಆ ತುದಿಯನ್ನು ಒತ್ತಿದಾಗ ನೋವಿದ್ದರೆ, ಅಥವಾ ವಾರ ಹತ್ತು ದಿನದಲ್ಲಿ ನೋವು ಇಳಿಯದಿದ್ದರೆ, ಎಕ್ಸ್‌ರೇ ಬೇಕೇ ಬೇಕು. ಕೈಪರೀಕ್ಷೆ ಎಕ್ಸ್‌ರೇಯನ್ನು ತಳ್ಳಿಹಾಕುವುದಿಲ್ಲ, ಅದು ಯಾರಿಗೆ ಬೇಕೆಂದು ಹೇಳುತ್ತದೆ. ದಿನಗೂಲಿ ಬಿಟ್ಟು ಬಂದವರಿಗೆ ಇದು ಸಣ್ಣ ಸಂಗತಿಯಲ್ಲ. ಇನ್ನು ಮಣಿಕಟ್ಟಿನ ನಾಡಿ ಮಿಡಿಯುತ್ತಿದೆಯೇ, ಕಿರುಬೆರಳು ಜೋಮು ಹಿಡಿದಿದೆಯೇ ಎಂಬುದನ್ನು ಯಾವ ಎಕ್ಸ್‌ರೇಯೂ ಹೇಳದು.

ಹಾಗೆಂದು ಎಲ್ಲ ಕೈಯೂ ಪರೀಕ್ಷೆಯ ಕೈಯಲ್ಲ; ತಿಕ್ಕುವ, ಕಟ್ಟುವ ಕೈ ಕೇಡನ್ನೂ ಮಾಡೀತು. ಕೀಲು ತಪ್ಪಿದ ಮೊಣಕೈಯನ್ನು ಎಣ್ಣೆ ಹಚ್ಚಿ ತಿಕ್ಕಿದರೆ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಮರಗಟ್ಟಬಹುದು. ಬಿಗಿಯಾಗಿ ಪಟ್ಟಿ ಕಟ್ಟಿದರೆ ಮುಂಗೈಗೆ ರಕ್ತದ ಹರಿವು ನಿಂತು ಬೆರಳುಗಳು ಶಾಶ್ವತವಾಗಿ ಸೆಟೆದುಕೊಳ್ಳಬಹುದು. ಜರ್ಮನಿಯ ಫೋಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದರು. ಕಟ್ಟಿದ ಕೈಯ ಬೆರಳು ತಣ್ಣಗಾದರೆ, ಬೆರಳು ನೀಡುವಾಗ ತಡೆಯಲಾಗದ ನೋವು ಬಂದರೆ, ಕಟ್ಟು ಸಡಿಲಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.