ಇಲಿಜ್ವರದ ಸೀಮೆಯಲ್ಲಿ ಆ್ಯಂಟಿಬಯಾಟಿಕ್ ಚೀಟಿ: ಎಣಿಕೆ ಹೇಳುವುದು, ಹೇಳದಿರುವುದು

ವಾರಾಹಿ ದಂಡೆಯ ಹಟ್ಟಿಯಂಗಡಿ ಸುತ್ತಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಭತ್ತದ ನೆಟ್ಟಿಯ ಕಾಲ. ದಿನವಿಡೀ ಕೆಸರುನೀರಿನಲ್ಲಿ ನಿಂತವರಿಗೆ ಜ್ವರ, ಮೀನಖಂಡದ ನೋವು, ಕೆಂಗಣ್ಣು ಒಟ್ಟಿಗೆ ಬಂದರೆ ಕರಾವಳಿಯ ವೈದ್ಯರು ಇಲಿಜ್ವರವನ್ನು ಶಂಕಿಸಲೇಬೇಕು. ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಸಿಗಲು ಸಾಮಾನ್ಯವಾಗಿ 5ರಿಂದ 7 ದಿನ ಬೇಕು. ಅಲ್ಲಿಯವರೆಗೆ ಕಾದು ಕೂತರೆ ಮೂತ್ರಪಿಂಡವೋ ಶ್ವಾಸಕೋಶವೋ ಕೈಕೊಡಬಹುದು. ಆದ್ದರಿಂದ ವರದಿ ಬರುವ ಮೊದಲೇ ಡಾಕ್ಸಿಸೈಕ್ಲಿನ್ ಬರೆಯುವುದು ಇಲ್ಲಿ ಸರಿಯಾದ ಚಿಕಿತ್ಸೆ.

ಸರ್ಕಾರಿ ಆಸ್ಪತ್ರೆಯ ಚೀಟಿಗಳನ್ನು ಅಳೆಯುವ ಕ್ರಮಕ್ಕೆ ಮಾತ್ರ ಈ ಋತುಮಾನ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ರೂಪಿಸಿದ ಸೂಚಕಗಳು ಆ್ಯಂಟಿಬಯಾಟಿಕ್ ಮಟ್ಟಿಗೆ, ನೂರು ಚೀಟಿಗಳಲ್ಲಿ ಎಷ್ಟರಲ್ಲಿ ಅದು ಇದೆ ಎಂದಷ್ಟೇ ಎಣಿಸುತ್ತವೆ. ಜುಲೈಯಲ್ಲಿ ಆ ಅಂಕಿ ಏರಿದರೆ ಅದಕ್ಕೆ ವೈದ್ಯರ ಕೈಸಡಿಲ ಕಾರಣವೋ, ಗದ್ದೆಯ ಸೋಂಕು ಕಾರಣವೋ? ಎಣಿಕೆ ಉತ್ತರಿಸದು. ಆ್ಯಂಟಿಬಯಾಟಿಕ್‌ಗಳನ್ನು ಗುಂಪು ಮಾಡುವ, ಅದೇ ಸಂಸ್ಥೆಯ 2017ರ ‘ಅವೇರ್’ ವಿಂಗಡಣೆ ಇದಕ್ಕಿಂತ ಉಪಯುಕ್ತ. ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್ ಮೊದಲ ಆಯ್ಕೆಯ ‘ಆಕ್ಸೆಸ್’ ಗುಂಪಿನಲ್ಲಿವೆ. ಅಜಿತ್ರೋಮೈಸಿನ್, ಸೆಫ್‌ಟ್ರಯಾಕ್ಸೋನ್ ಎಚ್ಚರದಿಂದ ಬಳಸಬೇಕಾದ ‘ವಾಚ್’ ಗುಂಪಿನಲ್ಲಿ. ಬರೀ ನೆಗಡಿಗೆ ಬರೆದ ಹತ್ತು ಅಜಿತ್ರೋಮೈಸಿನ್ ಚೀಟಿಗಳು ಇಲಿಜ್ವರದ ಶಂಕೆಯಲ್ಲಿ ಬರೆದ ಐವತ್ತು ಡಾಕ್ಸಿಸೈಕ್ಲಿನ್ ಚೀಟಿಗಳಿಗಿಂತ ಹೆಚ್ಚು ಆತಂಕದ ವಿಷಯ.

ದೇಶದ ಚಿತ್ರ ಕಳವಳ ಹುಟ್ಟಿಸುವಂಥದೇ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2021-22ರಲ್ಲಿ 20 ದೊಡ್ಡ ಆಸ್ಪತ್ರೆಗಳ 9,652 ಒಳರೋಗಿಗಳನ್ನು ಸಮೀಕ್ಷಿಸಿತು. ಶೇ. 71.9 ಮಂದಿಗೆ ಆ್ಯಂಟಿಬಯಾಟಿಕ್ ನಡೆಯುತ್ತಿತ್ತು. ಅದರಲ್ಲಿ ಅರ್ಧಕ್ಕೂ ಹೆಚ್ಚು ಸೋಂಕು ಬಾರದಿರಲೆಂದು ಮುಂಜಾಗ್ರತೆಗೆ ಕೊಟ್ಟದ್ದು. ರೋಗಾಣು ಖಚಿತವಾದ ಮೇಲೆ ಕೊಟ್ಟದ್ದು ಶೇ. 6 ಮಾತ್ರ. ಆದರೆ ಇವು ತಜ್ಞ ಆಸ್ಪತ್ರೆಗಳ ಅಂಕಿಗಳು. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಸಾಲಿಗೆ ಇವನ್ನು ನೇರವಾಗಿ ಹೊಂದಿಸುವುದು ತಪ್ಪಾಗುತ್ತದೆ.

2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಆ್ಯಂಟಿಬಯಾಟಿಕ್ ಬರೆಯುವಾಗ ಕಾರಣವನ್ನೂ ನಮೂದಿಸಬೇಕೆಂದರು. ಈ ಕ್ರಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಚೀಟಿಗಳಿಗೂ ಬರಬೇಕು. ‘ಇಲಿಜ್ವರ ಶಂಕೆ, ಗದ್ದೆ ಕೆಲಸ’ ಎಂಬ ನಾಲ್ಕು ಪದ ಬರೆಯಲು ಕ್ಷಣ ಸಾಕು. ಜನಜಂಗುಳಿಯ ನಡುವೆ ಒಬ್ಬರೇ ಕೂತ ವೈದ್ಯರಿಗೆ ಅದೂ ಹೊರೆಯೆನಿಸಬಹುದು, ನಿಜ. ಆದರೂ ಆ ನಾಲ್ಕು ಪದಗಳಿಲ್ಲದ ಚೀಟಿಯಿಂದ ಸಂಶೋಧಕರು ಏನನ್ನೂ ಓದಲಾರರು.

ಹೋಲಿಕೆಯೂ ತಿಂಗಳಿಗೆ ತಕ್ಕಂತೆ ನಡೆಯಬೇಕು. ಜುಲೈ-ಆಗಸ್ಟ್‌ನ ಚೀಟಿಗಳ ಪಕ್ಕದಲ್ಲಿ ಗದ್ದೆ ಒಣಗಿದ ಏಪ್ರಿಲ್‌ನ ಚೀಟಿಗಳನ್ನಿಡಬೇಕು. ಎರಡರಲ್ಲೂ ಪ್ರಮಾಣ ಒಂದೇ ಇದ್ದರೆ, ಕಾರಣವನ್ನು ಕೆಸರುನೀರಿನಲ್ಲಲ್ಲ, ಚೀಟಿ ಬರೆಯುವ ರೂಢಿಯಲ್ಲಿ ಹುಡುಕಬೇಕಾಗುತ್ತದೆ.