ಡಬ್ಬಿಯೊಳಗಿನ ಮಾತ್ರೆ

ಸೀಮಂತ ಮುಗಿಸಿಕೊಂಡು ಮಗಳು ತವರಿಗೆ ಬಂದಿದ್ದಳು. ಎಂಟನೆಯ ತಿಂಗಳು. ಒಂದು ರಾತ್ರಿ, "ಅಮ್ಮಾ, ಸೊಂಟ ಬಿದ್ದೇ ಹೋಗ್ತಿದೆ" ಎಂದು ನರಳಿದಳು. ನನ್ನ ಮಂಡಿನೋವಿಗೆ ತಂದಿಟ್ಟಿದ್ದ ಐಬುಪ್ರೊಫೇನ್ ಮಾತ್ರೆ ಡಬ್ಬಿಯಲ್ಲಿತ್ತು. ಕೊಡಲು ಹೋದರೆ, "ಡಾಕ್ಟರನ್ನ ಕೇಳದೆ ಏನೂ ನುಂಗೋದಿಲ್ಲಮ್ಮ" ಎಂದು ಕೈ ತಡೆದಳು. ಎರಡು ಹೆತ್ತವಳಾದ ನನಗೆ ತುಸು ಮುನಿಸೇ ಬಂತು. ಕೂಡಲೇ ಫೋನ್ ಮಾಡಿದಾಗ ಡಾಕ್ಟರಮ್ಮ, "ಸದ್ಯ, ಕೊಡಲಿಲ್ಲವಲ್ಲ ಟೀಚರ್!" ಎಂದರು. ಮಕ್ಕಳಿಗೆ ಇತಿಹಾಸ ಹೇಳಿಕೊಡುವ ನಾನು ಆ ಮಾತ್ರೆಯ ಇತಿಹಾಸವನ್ನೇ ಓದಿರಲಿಲ್ಲ.

1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಶುದ್ಧ ರೂಪದಲ್ಲಿ ತಯಾರಿಸಿದ ಔಷಧಿಗೆ 1899ರಲ್ಲಿ ಆಸ್ಪಿರಿನ್ ಎಂದು ಹೆಸರಾಯಿತು. ಲೋಕವೆಲ್ಲ ಅದನ್ನು ನುಂಗಿತು. ಆದರೆ ಅದು ನೋವನ್ನು ಹೇಗೆ ತಗ್ಗಿಸುತ್ತದೆಂದು ತಿಳಿಯಲು 1971 ಬರಬೇಕಾಯಿತು. ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ತಯಾರಾಗದಂತೆ ಆಸ್ಪಿರಿನ್ ತಡೆಯುತ್ತದೆಂದು ಇಂಗ್ಲೆಂಡಿನ ಜಾನ್ ವೇನ್ ಆಗ ತೋರಿಸಿಕೊಟ್ಟರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಸಿಕ್ಕಿತು. ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್, ಇಂಡೊಮೆಥಸಿನ್ ಎಲ್ಲವೂ ಇದೇ ಬಳಗದವು.

ತಾಯಿಗೆ ನೋವು ಕೊಡುವ ಈ ವಸ್ತುವೇ ಗರ್ಭದ ಕೂಸಿಗೆ ಕಾವಲು. ಒಳಗಿನ ಕೂಸು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಅದರ ಹೃದಯದ ಬಳಿ ಒಂದು ಪುಟ್ಟ ರಕ್ತನಾಳವಿದ್ದು, ಹೆಚ್ಚಿನ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸದೆ ಮೈಗೆ ಹರಿಸುತ್ತದೆ. ಆ ನಾಳ ತೆರೆದಿರುವುದು ಪ್ರೊಸ್ಟಗ್ಲಾಂಡಿನ್‌ನಿಂದ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನೇ ಮುಚ್ಚುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೆಲವು ಶಿಶುಗಳಲ್ಲಿ ಮುಚ್ಚುವುದಿಲ್ಲ. ಅಂಥವರಲ್ಲಿ ಇಂಡೊಮೆಥಸಿನ್ ಕೊಟ್ಟು ನಾಳ ಮುಚ್ಚಿಸಬಹುದೆಂದು 1976ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಹುಟ್ಟಿದ ಕೂಸಿಗೆ ಮದ್ದಾದದ್ದೇ ಹುಟ್ಟದ ಕೂಸಿಗೆ ಅಪಾಯ. ನಾಳ ಒಳಗೇ ಕಿರಿದಾದರೆ ಪುಟ್ಟ ಹೃದಯಕ್ಕೂ ಶ್ವಾಸಕೋಶಕ್ಕೂ ಒತ್ತಡ ಬೀಳುತ್ತದೆ.

ಇನ್ನೊಂದು ಪೆಟ್ಟು ಕೂಸಿನ ಮೂತ್ರಪಿಂಡಕ್ಕೆ. ಗರ್ಭದ ನೀರಿನ ಬಹುಪಾಲು ಕೂಸಿನ ಮೂತ್ರವೇ. ಈ ಮಾತ್ರೆಗಳಿಂದ ಅದು ಕಡಿಮೆಯಾಗಬಹುದು. ಮೊದಲು 30 ವಾರದ ನಂತರ ಬೇಡವೆಂಬ ಎಚ್ಚರಿಕೆಯಿತ್ತು. 2020ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, 20 ವಾರದಿಂದಲೇ ವೈದ್ಯರು ಹೇಳದ ಹೊರತು ಬೇಡವೆಂದಿತು. ಹಾಗೆಂದು, ರಕ್ತದೊತ್ತಡದ ತೊಂದರೆ ತಡೆಯಲು ಡಾಕ್ಟರು ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಅನ್ನು ಹೆದರಿ ನಿಲ್ಲಿಸಬಾರದು. ಅದು ಬೇರೆಯೇ ಮಾತು. ಅರಿಯದೆ ಒಂದು ಮಾತ್ರೆ ನುಂಗಿದವರೂ ಗಾಬರಿಯಾಗದೆ ಡಾಕ್ಟರಿಗೆ ತಿಳಿಸಿದರೆ ಸಾಕು.

ಆ ರಾತ್ರಿಯೇ ಮಗಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಸೊಂಟನೋವು ಹೆರಿಗೆಯ ಮುನ್ಸೂಚನೆಯೂ ಆಗಿರಬಹುದಲ್ಲ! ಅದಾಗಿರಲಿಲ್ಲ. ಅವರು ಪ್ಯಾರಸಿಟಮಾಲ್ ಬರೆದುಕೊಟ್ಟರು, ಅದೂ ಲೆಕ್ಕವಾಗಿ.

ನಾನು ಬಸುರಿಯಾಗಿದ್ದಾಗ ನೆರೆಹೊರೆಯವರು ಕೊಟ್ಟ ಮಾತ್ರೆ ನುಂಗಿದ್ದುಂಟು. ಕೊಟ್ಟವರದು ಪ್ರೀತಿಯೇ. ನನ್ನದೂ ಆ ರಾತ್ರಿ ಪ್ರೀತಿಯೇ ಆಗಿತ್ತು. ಪ್ರೀತಿಯ ಜೊತೆ ಒಂದಿಷ್ಟು ತಿಳಿವೂ ಇರಬೇಕೆಂದು ನನಗೆ ಕಲಿಸಿದವಳು ನನ್ನ ಮಗಳು.