ಹಡಗು ನಿಂತ ಮೇಲೂ ಉಳಿಯುತ್ತಿದ್ದ ದಾರಿ: ಜಿದ್ದಾದ ಸಂಬೂಕುಗಳು

ಹಡಗಿನಲ್ಲಿ ಹಜ್ಜ್ ಯಾತ್ರೆ ಮಾಡಿ ಬಂದ ಹಿರಿಯರು ಈಗ ನಮ್ಮ ನಡುವೆ ಬೆರಳೆಣಿಕೆಯಷ್ಟು. ಮುಂಬೈ ಮತ್ತು ಜಿದ್ದಾ ನಡುವಿನ ಹಜ್ಜ್ ಹಡಗು 1995ರಲ್ಲಿ ನಿಂತುಹೋಯಿತು. ಇಂದು ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಕೆಲವೇ ಗಂಟೆಗಳಲ್ಲಿ ಹಿಜಾಝ್‌ನ ನೆಲದ ಮೇಲಿರುತ್ತಾರೆ. ಆದರೆ ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದೆ ಹೋದರೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಅಂದು ಹಡಗು ಜಿದ್ದಾ ತಲುಪಿದರೂ ಯಾತ್ರಿಕ ಜಿದ್ದಾ ತಲುಪಿರುತ್ತಿರಲಿಲ್ಲ. ಊರು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ನಡುವೆ ಸಮುದ್ರದ ಇನ್ನೊಂದು ತುಂಡು ಉಳಿದಿರುತ್ತಿತ್ತು. ಅದನ್ನು ಸಂಬೂಕ್ ಎಂಬ ಹಾಯಿದೋಣಿಯಲ್ಲಿ ದಾಟಬೇಕಿತ್ತು.

ಇದಕ್ಕೆ ಕಾರಣ ಕೆಂಪು ಸಮುದ್ರದ ಹವಳದ ದಿಬ್ಬಗಳು. ಜಿದ್ದಾದ ಮುಂದೆ ಈ ದಿಬ್ಬಗಳು ಸಾಲುಸಾಲಾಗಿ ನೀರಿನ ಕೆಳಗೆ ಅಡಗಿವೆ. ದೊಡ್ಡ ಹಡಗು ಅವುಗಳ ನಡುವೆ ಒಳಗೆ ಬಂದರೆ ತಳ ಸೀಳಿಹೋಗುವ ಭಯ. ಆದ್ದರಿಂದ ಹಡಗುಗಳು ದಡದಿಂದ ಮೈಲುಗಟ್ಟಲೆ ಆಚೆಯೇ ಲಂಗರು ಹಾಕುತ್ತಿದ್ದವು. ದಿಬ್ಬಗಳ ಸಂದುಗೊಂದು ಬಲ್ಲ ಸ್ಥಳೀಯ ನಾವಿಕರು ಸಂಬೂಕುಗಳಲ್ಲಿ ಬಂದು ಹಡಗನ್ನು ಸುತ್ತುವರಿಯುತ್ತಿದ್ದರು. ನಮ್ಮ ಕರಾವಳಿಯವರಿಗೆ ಇದು ಅಪರಿಚಿತ ದೃಶ್ಯವೇನಲ್ಲ. ನವಮಂಗಳೂರು ಬಂದರು ಆಗುವ ಮೊದಲು ಮಂಗಳೂರಿಗೆ ಬಂದ ದೊಡ್ಡ ಹಡಗುಗಳೂ ಅಳಿವೆಯ ಹೊರಗೆ ಸಮುದ್ರದಲ್ಲೇ ನಿಲ್ಲುತ್ತಿದ್ದವು. ಸರಕು ಸಣ್ಣ ದೋಣಿಗಳಲ್ಲಿ ಬಂದರಿಗೆ ಬರುತ್ತಿತ್ತು. ಇಂದಿಗೂ ವಿಹಾರ ನೌಕೆಗಳು ಆಳವಿಲ್ಲದ ಬಂದರುಗಳಲ್ಲಿ ತಮ್ಮ ಪ್ರವಾಸಿಗರನ್ನು ಹೀಗೆಯೇ ದಡ ಸೇರಿಸುತ್ತವೆ.

ಜಿದ್ದಾವನ್ನು ಮಕ್ಕಾದ ಬಂದರಾಗಿ ನಿಗದಿಪಡಿಸಿದವರು ಖಲೀಫಾ ಉಸ್ಮಾನ್(ರ). ಹಿಜರಿ 26ರಲ್ಲಿ, ಅಂದರೆ ಕ್ರಿ.ಶ. 647ರ ಸುಮಾರಿಗೆ, ದಕ್ಷಿಣದ ಶುಐಬಾದ ಬದಲಿಗೆ ಈ ಸ್ಥಳವನ್ನು ಅವರು ಆರಿಸಿದರು. ಅಂದಿನಿಂದ ಸಮುದ್ರ ಮಾರ್ಗದ ಹಾಜಿಗಳಿಗೆ ಜಿದ್ದಾವೇ ಬಾಗಿಲಾಯಿತು. ಆ ಬಾಗಿಲಿನ ಕೀಲಿ ಮಾತ್ರ ದೋಣಿಯವರ ಕೈಯಲ್ಲಿತ್ತು.

ಆ ಕೀಲಿ ಹೇಗೆ ಬಳಕೆಯಾಯಿತೆಂಬುದಕ್ಕೆ ಹಳೆಯ ಸಾಕ್ಷಿ ಅಂದಲೂಸಿನ ಯಾತ್ರಿಕ ಇಬ್ನು ಜುಬೈರ್. ಅವರು 1183ರ ಜುಲೈಯಲ್ಲಿ ಆಫ್ರಿಕಾದ ದಡದ ಐದಾಬ್‌ನಿಂದ ದೋಣಿ ಹತ್ತಿ ಜಿದ್ದಾಕ್ಕೆ ಬಂದರು. ಆ ದೋಣಿಗಳಿಗೆ ಮೊಳೆಯೇ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿತ್ತು, ಮೇಲೆ ಎಣ್ಣೆ ಸವರಲಾಗಿತ್ತು. ಮರವು ಭಾರತ ಮತ್ತು ಯಮನ್‌ನಿಂದ ಬರುತ್ತಿತ್ತು ಎಂದು ಅವರು ದಾಖಲಿಸಿದ್ದಾರೆ. ದೋಣಿಯ ಕಟ್ಟಡವನ್ನು ಕುತೂಹಲದಿಂದ ವಿವರಿಸಿದ ಅದೇ ಲೇಖನಿ ದೋಣಿ ಮಾಲಕರ ವಿಷಯಕ್ಕೆ ಬಂದಾಗ ಕಹಿಯಾಗುತ್ತದೆ. ಒಬ್ಬರ ಮೇಲೊಬ್ಬರು ಕುಳಿತುಕೊಳ್ಳುವಂತೆ ಯಾತ್ರಿಕರನ್ನು ತುಂಬಲಾಗುತ್ತಿತ್ತು. ಒಂದೇ ಪ್ರಯಾಣದಲ್ಲಿ ದೋಣಿಯ ಬೆಲೆ ಹುಟ್ಟಿದರೆ ಮಾಲಕನಿಗೆ ಸಾಕು, ಆಮೇಲೆ ಸಮುದ್ರ ಏನು ಮಾಡಿದರೂ ಅವನಿಗೆ ಚಿಂತೆಯಿಲ್ಲ. ಹಲಗೆ ನಮ್ಮ ಹೊಣೆ, ಜೀವ ಅವರವರ ಹೊಣೆ ಎಂಬ ಅರ್ಥದ ನಾಣ್ನುಡಿಯೇ ಆ ಊರಲ್ಲಿತ್ತಂತೆ.

ದಡ ಸೇರಿದರೂ ಕಷ್ಟ ಮುಗಿಯುತ್ತಿರಲಿಲ್ಲ. ಅದಕ್ಕೂ ಮೊದಲು ಹಾಜಿಗಳಿಂದ ತಲೆಗೆ ಏಳೂವರೆ ದೀನಾರ್ ಸುಂಕ ವಸೂಲಾಗುತ್ತಿತ್ತು. ಕೊಡಲಾಗದವರು ಹಿಂಸೆ ಅನುಭವಿಸುತ್ತಿದ್ದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಈ ಸುಂಕವನ್ನು ರದ್ದುಪಡಿಸಿದರು. ಮಕ್ಕಾದ ಅಮೀರನಿಗೆ ಆಗುವ ನಷ್ಟಕ್ಕೆ ಪ್ರತಿಯಾಗಿ ಹಣ ಮತ್ತು ಧಾನ್ಯ ಕಳುಹಿಸುವ ಏರ್ಪಾಡು ಮಾಡಿದರು. ಆದರೆ ಇಬ್ನು ಜುಬೈರ್ ಬಂದಿಳಿದಾಗ ಆ ಪರಿಹಾರ ಇನ್ನೂ ತಲುಪಿರಲಿಲ್ಲ. ಹಾಜಿಗಳು ಒಬ್ಬರಿಗೊಬ್ಬರು ಜಾಮೀನು ನಿಂತ ಮೇಲೆಯೇ ಮುಂದೆ ಹೋಗಲು ಬಿಟ್ಟರು. ದೂರದ ಸುಲ್ತಾನನ ಆಜ್ಞೆ ಎಷ್ಟೇ ನ್ಯಾಯವಾಗಿದ್ದರೂ ಬಾಗಿಲಲ್ಲಿ ನಿಂತವನ ಮನಸ್ಸು ಬದಲಾಗದೆ ಯಾತ್ರಿಕನಿಗೆ ಅದು ತಲುಪುವುದಿಲ್ಲ.

ಶತಮಾನಗಳು ಉರುಳಿದವು. 1853ರಲ್ಲಿ ಇಂಗ್ಲಿಷ್ ಪ್ರವಾಸಿ ರಿಚರ್ಡ್ ಬರ್ಟನ್ ವೇಷ ಮರೆಸಿಕೊಂಡು ಸುಯೆಜ್‌ನಿಂದ ಯಂಬೂಗೆ ಯಾತ್ರಿಕರ ಸಂಬೂಕಿನಲ್ಲಿ ಹೋದನು. ಅರುವತ್ತು ಮಂದಿಗೆಂದು ಮಾತಾಗಿದ್ದ ದೋಣಿಯಲ್ಲಿ ತೊಂಬತ್ತೇಳು ಮಂದಿ ಇದ್ದರೆಂದು ಅವನು ಬರೆದಿದ್ದಾನೆ. ಜಾಗಕ್ಕಾಗಿ ಯಾತ್ರಿಕರ ನಡುವೆಯೇ ಬಡಿದಾಟ ನಡೆಯಿತು. ಇಬ್ನು ಜುಬೈರ್‌ರಿಂದ ಬರ್ಟನ್‌ವರೆಗೆ 670 ವರ್ಷ. ಆಳುವ ಮನೆತನಗಳು ಬದಲಾದವು, ದೋಣಿಯ ಲೆಕ್ಕ ಬದಲಾಗಲಿಲ್ಲ.

ಆಮೇಲೆ ಉಗಿಹಡಗುಗಳು ಬಂದವು. ಮುಂಬೈಯಲ್ಲಿ 1877ರಲ್ಲಿ ಶುರುವಾದ ಕಂಪೆನಿಯೊಂದು ಮುಂದೆ ಮೊಗಲ್ ಲೈನ್ ಎಂದು ಹೆಸರಾಗಿ ಭಾರತದ ಲಕ್ಷಾಂತರ ಹಾಜಿಗಳನ್ನು ಸಾಗಿಸಿತು. ಹಡಗಿನಲ್ಲಿ ತಲೆಗೆ ಎಷ್ಟು ಜಾಗ, ಎಷ್ಟು ನೀರು ಎಂಬುದಕ್ಕೆ ಕಾನೂನುಗಳಾದವು. ಭಾರತದಲ್ಲಿ 1895ರ ಯಾತ್ರಿಕ ಹಡಗುಗಳ ಕಾಯ್ದೆ ಅಂಥದ್ದು. ಕಾಲರಾ ಹರಡದಂತೆ ಕಮರಾನ್ ದ್ವೀಪದಲ್ಲಿ ಉಸ್ಮಾನಿ ಆಡಳಿತವು 1882ರಲ್ಲಿ ಕ್ವಾರಂಟೈನ್ ಠಾಣೆ ತೆರೆಯಿತು. ಅಲ್ಲಿಯೂ ಯಾತ್ರಿಕರು ಗಂಟುಮೂಟೆ ಸಮೇತ ಹಡಗಿನಿಂದ ದೋಣಿಗಿಳಿಯಬೇಕಿತ್ತು, ಮತ್ತೆ ಹತ್ತಬೇಕಿತ್ತು. ಹಡಗು ಕಬ್ಬಿಣದ್ದಾಯಿತು, ಯಂತ್ರ ಬಂತು, ಕಾನೂನು ಬಂತು. ಜಿದ್ದಾದ ಹವಳದ ದಿಬ್ಬ ಮಾತ್ರ ಇದ್ದಲ್ಲೇ ಇತ್ತು. ಅಷ್ಟು ದೂರದ ಪ್ರಯಾಣದ ಕೊನೆಯ ತುಂಡು ಹಳೆಯ ಸಂಬೂಕಿಗೇ ಉಳಿಯಿತು.

ಆ ಕ್ಷಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಭಾರತದಿಂದ ಹೋಗುವ ಹಡಗು ಯಲಮ್‌ಲಮ್‌ನ ನೇರಕ್ಕೆ ಬಂದಾಗಲೇ ಯಾತ್ರಿಕರು ಇಹ್ರಾಮ್ ಧರಿಸಿರುತ್ತಾರೆ. ಗಂಡಸರ ಮೈಮೇಲೆ ಎರಡು ಬಿಳಿ ಬಟ್ಟೆ. ಹಲವು ದಿನಗಳ ಸಮುದ್ರ ಪ್ರಯಾಣದಿಂದ ಬಳಲಿದ ದೇಹ. ಕೆಳಗೆ ಅಲೆಗೆ ಏರಿಳಿಯುವ ದೋಣಿ, ಮೇಲಿನಿಂದ ಏಣಿ. ವೃದ್ಧೆಯೊಬ್ಬರು ಕಾಲಿಡಬೇಕು, ಅದೇ ಹೊತ್ತಿಗೆ ದೋಣಿ ಒಂದು ಮೊಳ ಕೆಳಗೆ ಹೋಗುತ್ತದೆ. ಅಕ್ಕಿಯ ಚೀಲ, ಪಾತ್ರೆ, ಹಾಸಿಗೆ ಯಾವುದೋ ಬೇರೆ ದೋಣಿಗೆ ಬಿದ್ದಿರುತ್ತದೆ. ಭಾಷೆ ತಿಳಿಯದು, ದರ ತಿಳಿಯದು. ಊರಲ್ಲಿ ಶ್ರೀಮಂತನಾಗಿರಲಿ, ಕೂಲಿಯವನಾಗಿರಲಿ, ಅಲ್ಲಿ ಎಲ್ಲರೂ ಚಾಚಿದ ಒಂದು ಕೈಯನ್ನು ನಂಬಿ ಕಾಲಿಡಬೇಕು. ಇಡೀ ಯಾತ್ರೆಯಲ್ಲಿ ಮನುಷ್ಯ ಅಷ್ಟು ಅಸಹಾಯಕನಾಗುವ ಗಳಿಗೆ ಬೇರೆ ಇರಲಿಕ್ಕಿಲ್ಲ.

ಸಣ್ಣ ದೋಣಿ ಜೀವ ಉಳಿಸಲೂಬಹುದು, ನಂಬಿಕೆ ಮುರಿಯಲೂಬಹುದು. 1880ರಲ್ಲಿ ನಡೆದ ಒಂದು ಘಟನೆ ಲೋಕಪ್ರಸಿದ್ಧ. ಸಿಂಗಾಪುರ ಮತ್ತು ಪಿನಾಂಗ್‌ನಿಂದ ಸುಮಾರು ಸಾವಿರ ಯಾತ್ರಿಕರನ್ನು ಹೊತ್ತು ಹೊರಟ ಹಡಗಿನ ಹೆಸರೂ ಜಿದ್ದಾ ಎಂದೇ. ಬಿರುಗಾಳಿಗೆ ಸಿಕ್ಕಿ ಹಡಗಿನೊಳಗೆ ನೀರು ನುಗ್ಗತೊಡಗಿದಾಗ ಕಪ್ತಾನನೂ ಅಧಿಕಾರಿಗಳೂ ರಾತ್ರಿ ಜೀವರಕ್ಷಕ ದೋಣಿಯನ್ನು ಇಳಿಸಿ, ಯಾತ್ರಿಕರನ್ನು ನಡುಸಮುದ್ರದಲ್ಲಿ ಬಿಟ್ಟು ಹೊರಟುಹೋದರು. ಬೇರೊಂದು ಹಡಗು ಅವರನ್ನು ಏಡನ್‌ಗೆ ತಲುಪಿಸಿತು. ಹಡಗು ಮುಳುಗಿತೆಂದು ಅವರು ಅಲ್ಲಿ ಹೇಳಿದರು. ಮರುದಿನವೇ ಅದೇ ಹಡಗು ಯಾತ್ರಿಕರ ಸಮೇತ ಏಡನ್ ಬಂದರಿಗೆ ಬಂತು, ಇನ್ನೊಂದು ಹಡಗು ಅದನ್ನು ಎಳೆದು ತಂದಿತ್ತು. ವಿಚಾರಣೆಯಲ್ಲಿ ಕಪ್ತಾನನಿಗೆ ಸಿಕ್ಕಿದ ಶಿಕ್ಷೆ ಮೂರು ವರ್ಷ ಅವನ ಪ್ರಮಾಣಪತ್ರದ ಅಮಾನತು.

ಇನ್ನೊಂದು ಘಟನೆ 1930ರ ಮೇ ತಿಂಗಳದ್ದು. ಜಿದ್ದಾದ ಹೊರಗೆ ಲಂಗರು ಹಾಕಿದ್ದ ಏಷಿಯಾ ಎಂಬ ಫ್ರೆಂಚ್ ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ ಸುಮಾರು ಒಂದೂವರೆ ಸಾವಿರ ಹಾಜಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಮೃತರಾದರು. ಉಳಿದವರು ಬದುಕಿದರು. ದಡ ಕಾಣುವಷ್ಟು ಹತ್ತಿರ, ಈಜಲಾಗದಷ್ಟು ದೂರ ಇದ್ದ ಆ ಜಾಗದಲ್ಲಿ ಜೀವ ಉಳಿಯಬೇಕಾದರೆ ಯಾರಾದರೂ ದೋಣಿ ತರಲೇಬೇಕಿತ್ತು.

ಪ್ರವಾದಿ(ಸ) ಹೇಳಿದ ಹಡಗಿನ ಉಪಮೆ ನಮಗೆಲ್ಲ ಗೊತ್ತು. ಕೆಳಗಿನ ಅಂತಸ್ತಿನವರು ನೀರಿಗಾಗಿ ತಳವನ್ನು ಕೊರೆಯಲು ಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ನಾಶವಾಗುತ್ತಾರೆ ಎಂಬ ಆ ಹದೀಸನ್ನು ನಾವು ಸಾಮಾನ್ಯವಾಗಿ ಕೆಳಗಿನವರ ತಪ್ಪಿನ ಬಗ್ಗೆ ಹೇಳುವಾಗ ಬಳಸುತ್ತೇವೆ. ಆದರೆ ಈ ಇತಿಹಾಸದಲ್ಲಿ ತೂತು ಕೊರೆದವರು ಹೆಚ್ಚಾಗಿ ಮೇಲಿನವರೇ. ಹೆಚ್ಚು ಜನ ತುಂಬಿದ ಮಾಲಕ, ಸುಂಕಕ್ಕಾಗಿ ಕೈಯೊಡ್ಡಿದ ಅಮೀರ, ದೋಣಿ ಹತ್ತಿ ಓಡಿದ ಕಪ್ತಾನ. ಹುಟ್ಟು ಹಾಕುತ್ತಿದ್ದ ಬಡವನ ಬಗ್ಗೆ ಆತುರದ ತೀರ್ಪು ಬೇಡ. ಕೆಂಪು ಸಮುದ್ರದ ದೋಣಿಗಳಲ್ಲಿ ದುಡಿದವರಲ್ಲಿ ಗುಲಾಮರೂ ಇದ್ದರು. ಯಾತ್ರಿಕ ಕೊಟ್ಟ ಬಾಡಿಗೆ ಅವರ ಕೈಗೆ ಬರುತ್ತಿರಲಿಲ್ಲ. ಸೂರಃ ಅಲ್ ಕಹ್ಫ್‌ನಲ್ಲಿ ಬರುವ ದೋಣಿಯೂ ಸಮುದ್ರದಲ್ಲಿ ದುಡಿಯುವ ಬಡವರದ್ದೇ. ಅದನ್ನು ಕಸಿಯಲು ಹೊಂಚುತ್ತಿದ್ದವನು ಒಬ್ಬ ಅರಸ.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಜಿದ್ದಾದಲ್ಲಿ ಆಳ ನೀರಿನವರೆಗೆ ಚಾಚಿದ ಧಕ್ಕೆ ಬಂತು. ಹಡಗುಗಳು ನೇರವಾಗಿ ಅದಕ್ಕೆ ತಾಗಿ ನಿಂತವು. ಸಂಬೂಕುಗಳ ಕೆಲಸ ಕ್ರಮೇಣ ಮುಗಿಯಿತು. ಆದರೆ ಆ ಕೊನೆಯ ತುಂಡು ದಾರಿ ನಿಜವಾಗಿ ಮುಗಿದಿದೆಯೇ? ವಿಮಾನ ಇಳಿದ ಮೇಲೆ ಕೊಠಡಿ ಸಿಗದೆ ಮೆಟ್ಟಿಲಲ್ಲಿ ಕುಳಿತ ಹಿರಿಯರು, ನಾಲ್ಕು ಮಂದಿಯ ಕೊಠಡಿಗೆ ಎಂಟು ಮಂದಿಯನ್ನು ಹಾಕುವವರು, ಗುಂಪಿನಿಂದ ತಪ್ಪಿದ ಅನಕ್ಷರಸ್ಥ ಮಹಿಳೆ, ಇವೆಲ್ಲ ಹಾಜಿಗಳ ಬಾಯಲ್ಲಿ ನಾವು ಕೇಳುವ ಮಾತುಗಳೇ. ಹಣ ಪಡೆದು ಯಾತ್ರೆಗೆ ಕರೆದೊಯ್ಯುವವರು, ಸ್ವಯಂಸೇವಕರು, ಜೊತೆಗೆ ಹೋಗುವ ಯುವಕರು ಇಂದಿನ ದೋಣಿಯವರು. ಅವರ ಕೈಗೆ ಬಂದದ್ದು ಗಿರಾಕಿಯಲ್ಲ, ಅಮಾನತ್.

ಹಜ್ಜ್‌ಗೆ ಹೊರಟವರನ್ನು ಬೀಳ್ಕೊಡುವಾಗ ನಾವು ದುಆಕ್ಕಾಗಿ ಕೇಳಿಕೊಳ್ಳುತ್ತೇವೆ. ಅದರ ಜೊತೆಗೆ ಅವರನ್ನು ಕೊನೆಯವರೆಗೆ ಕೈಹಿಡಿದು ಇಳಿಸುವವರು ಯಾರೆಂದು ಮೊದಲೇ ವಿಚಾರಿಸಿಕೊಳ್ಳೋಣ. ನಮ್ಮನ್ನೇ ಆ ಕೆಲಸಕ್ಕೆ ಕರೆದರೆ, ಏಣಿಯ ಮೇಲೆ ನಿಂತ ಆ ವೃದ್ಧೆಯನ್ನು ನೆನಪಿಟ್ಟುಕೊಂಡೇ ಕೈ ಚಾಚೋಣ.